ಕೊಳಗದ ಕಂಠ

ಸಾಗರದ ಮಾರ್ಕೆಟ್ಟಿನ ಹಿಂದೆ ಮೂರು ಮೆಟ್ಟಿಲು ಇಳಿದರೆ
ನಮ್ಮ ಕಲಾಯಿ ಅಂಗಡಿ.
ಈಗ ಕಲಾಯಿಗೆ ಯಾರೂ ಬರುವುದಿಲ್ಲ.
ಕುಕ್ಕರಿನ ಹಿಡಿ, ಮಿಕ್ಸಿಯ ಬ್ಲೇಡು, ಗ್ಯಾಸ್ ಒಲೆಯ ಬರ್ನರು,
ಇಷ್ಟೇ ನನ್ನ ಪಾಲಿಗೆ ಬಂದ ಕಸುಬು.
ಮೂಲೆಯಲ್ಲೊಂದು ಹಳೆಯ ಕೊಳಗ, ಮೊಳೆ ತುಂಬಿಟ್ಟಿದ್ದೇನೆ.
ಅದರ ಕಂಠದ ಸುತ್ತ ಆರು ತೂತು.
ಪಟ್ಟಿ ಕೂರಿಸಲು ಕೊರೆದದ್ದು.
ಪಟ್ಟಿ ಕೂರಲೇ ಇಲ್ಲ.

ದಾದಾ ಪೀರಾನ್ ಸಾಬರು ಹೇಳುತ್ತಿದ್ದರು:
ಕತ್ತಲಾದ ಮೇಲೆ ಒಡೆಯರ ಮನೆ ಆಳು ಬಂದ.
'ಒಂದು ಬೆರಳು ಏರಿಸು ಮಾರಾಯ, ಒಂದೇ ಬೆರಳು.
ಗೇಣಿ ಅಳೆಯುವಾಗ ಯಾರ ಕಣ್ಣಿಗೂ ಬೀಳಬಾರದು.'
ಹಿಂದಿನ ವರ್ಷ ಎರಡು ಕೊಳಗ ಹಾಗೆ ಏರಿಸಿ ಕೊಟ್ಟಿದ್ದರು ದಾದಾ,
ಅದನ್ನೂ ಮುಚ್ಚಿಡುತ್ತಿರಲಿಲ್ಲ.
ಎರಡು ರೂಪಾಯಿ, ಒಂದು ಗೊನೆ ಬಾಳೆಕಾಯಿ.
ಮೂರನೆಯದಕ್ಕೆ ತೂತು ಕೊರೆಯುತ್ತ ಕೊರೆಯುತ್ತ
ಕೈ ನಿಂತಿತಂತೆ.
ಯಾಕೆ ಅಂದರೆ ಹೇಳಲು ಬರುತ್ತಿರಲಿಲ್ಲ ಅವರಿಗೆ.
'ಸುತ್ತಿಗೆ ಭಾರ ಆಯ್ತು' ಅನ್ನುತ್ತಿದ್ದರು.
ಗೇಣಿದಾರರು ಗದ್ದೆಗಿಳಿಯದೆ ಕೂತ ವರ್ಷ ಅದು.
ದಾದಾ ಜೈಲಿಗೆ ಹೋಗಲಿಲ್ಲ, ಜೈಕಾರ ಕೂಗಲಿಲ್ಲ,
ಕೊಳಗ ವಾಪಸು ಕೊಡಲಿಲ್ಲ, ಅಷ್ಟೇ.
ಆಮೇಲೆ ಒಡೆಯರ ಕಡೆಯ ಒಂದು ಚೊಂಬೂ
ನಮ್ಮ ತಿದಿಯ ಮುಂದೆ ಬರಲಿಲ್ಲ.

ತಮ್ಮ ಇರ್ಷಾದ ಸುಡಾನಿಗೆ ಹೋದದ್ದು ಫ್ರಿಜ್ಜು ರಿಪೇರಿಗೆ.
ಬರುವಾಗ ತಂದದ್ದು ಒಣಗಿದ ಕೆಂಪು ಹೂವಿನ ಒಂದು ಚೀಲ
ಮತ್ತು ಬೆರಳಿನಲ್ಲೊಂದು ತಾಳ.
ಮಾತಾಡುತ್ತಲೇ ಕೌಂಟರಿನ ತಗಡು ಬಡಿಯುತ್ತಾನೆ.
'ರೈಲ್ವೆ ಸೇತುವೆ ಅಕ್ಕಾ, ಪೂರಾ ಕಬ್ಬಿಣ.
ಹುಡುಗರ ಕೈಯಲ್ಲಿ ಕಲ್ಲಿತ್ತು, ಯಾರಿಗೂ ಎಸೆಯಲಿಲ್ಲ.
ಸೇತುವೆಗೆ ಬಡಿದರು, ರಾತ್ರಿಯಿಡೀ,
ಮೂವತ್ತು ವರ್ಷ ಕುರ್ಚಿಯಲ್ಲಿ ಕೂತವನಿಗೆ
ನಿದ್ದೆ ಹತ್ತಬಾರದು ಅಂತ.'

ದಂಡಿನ ಕಚೇರಿಯ ಮುಂದೆ ಊರೇ ಬಂದು ಕೂತಿತ್ತಂತೆ.
ಒಳಗೆ ಬರುವವರ ಚೀಲ ಮುಟ್ಟಿ ನೋಡುವ ಹುಡುಗಿಯರು
'ಕೈ ಎತ್ತಿ ಅಣ್ಣಾ, ಬೇಜಾರು ಮಾಡ್ಕೋಬೇಡಿ'
ಎಂದು ನಗುತ್ತಿದ್ದರಂತೆ.
ಚಾಕು ಸಿಕ್ಕರೆ ಬುಟ್ಟಿಗೆ. ಮನುಷ್ಯ ಒಳಗೆ.
ಇವನು ನೀರಿನ ಕೂಲರು ರಿಪೇರಿ ಮಾಡಿಕೊಟ್ಟ, ಬಿಟ್ಟಿ.
ಅವಾದಿಯಾ ಎಂಬ ಚಹಾದವಳು
ಶುಂಠಿ ಜಾಸ್ತಿ ಹಾಕಿ ಕೊಡುವಳು, ಅದೂ ಬಿಟ್ಟಿ.
'ನಿಮ್ಮ ಊರಲ್ಲೂ ಹೀಗೆ ಕೂರುತ್ತಾರಾ?' ಕೇಳಿದ್ದಳಂತೆ ಒಮ್ಮೆ.
ಗೇಣಿಯ ಕತೆ ಅರಬ್ಬಿಯಲ್ಲಿ ಹೇಳಲು ಬಾರದೆ
ಬೆರಳು ಅಡ್ಡ ಹಿಡಿದು ತೋರಿಸಿದ: ಇಷ್ಟು. ಇಷ್ಟಕ್ಕೆ ಕೂತರು.
ಅವಳಿಗೆ ಏನು ತಿಳಿಯಿತೋ,
ಸಕ್ಕರೆಯ ಚಮಚ ಎತ್ತಿ ಬಳುಕಿಸಿ ನಕ್ಕಳಂತೆ.

ಮೂವತ್ತು ವರ್ಷದವ ಇಳಿದ.
ಹಬ್ಬಕ್ಕೆ ಮುಂಚಿನ ಬೆಳಗಿನ ಜಾವ ಬಂದೂಕಿನ ಗಾಡಿಗಳು ಬಂದವು.
ಇಲ್ಲಿ ಇರ್ಷಾದನ ಬೆರಳು ನಿಲ್ಲುತ್ತದೆ.
ದಾದಾನ ಕೈ ನಿಂತ ಹಾಗೆ ಎಂದು ಬರೆದು ಹೊಡೆದುಹಾಕಿದೆ.
ಅದು ಬೇರೆ, ಇದು ಬೇರೆ.
ಗೆದ್ದರೇನೋ ಅವರು?
'ಗೆದ್ದರು. ಆಮೇಲಿನದು ಕೇಳಬೇಡ.'
ಈಗ ಅಲ್ಲಿ ದಂಡಿಗೂ ದಂಡಿಗೂ ಯುದ್ಧ.
ಅವಳ ನಂಬರಿಗೆ ಫೋನು ಹೋಗುವುದಿಲ್ಲ.

ನಿನ್ನೆ ಚಂದ್ರ ಕಂಡ ಮೇಲೆ
ಮೊಳೆಗಳನ್ನೆಲ್ಲ ಪೇಪರಿನ ಮೇಲೆ ಸುರಿದು
ಹುಣಿಸೆಹಣ್ಣು ಹಾಕಿ ಕೊಳಗ ತಿಕ್ಕಿದೆ.
ನಮಾಜಿಗೆ ಮುಂಚೆ ಫಿತ್ರಾ ಮುಟ್ಟಬೇಕು,
ಮನೆಯಲ್ಲಿ ಉಸಿರಾಡುವ ತಲೆಗೊಂದು ಅಳತೆ:
ಅಮ್ಮಿ, ನಾನು, ಇರ್ಷಾದ, ಅವನ ಹೆಂಡತಿ, ತೊಟ್ಟಿಲ ಕೂಸು.
ಕಂಠದ ಮಟ್ಟಕ್ಕೆ ಅಂಗೈಯಿಂದ ಸವರಿದೆ,
ತೂತಿನಲ್ಲಿ ನಾಲ್ಕು ಕಾಳು ಸೋರಿದವು, ಆಯ್ದು ಹಾಕಿದೆ.
ಐದಾಯಿತು.
ಇನ್ನೊಂದು ಕೊಳಗ ಮೊಗೆದೆ.

'ಅದು ಯಾರದು?' ಅಂದರು ಅಮ್ಮಿ.
ಸತ್ತವರ ಹೆಸರಲ್ಲಿ ಫಿತ್ರಾ ಇಲ್ಲ,
ಅವರಿಗೂ ಗೊತ್ತು, ನನಗೂ.
ಇರ್ಷಾದ ತಲೆ ಎತ್ತಲಿಲ್ಲ.
ಅಮ್ಮಿ ಸ್ವಲ್ಪ ಹೊತ್ತು ನೋಡಿ
ಚೀಲದ ಬಾಯಿ ಅಗಲ ಮಾಡಿ ಹಿಡಿದರು.